ಕೋಟಿನ ಗುಂಡಿಯನ್ನು ದಾಟದ ಚೆಂಡು

ಒಬ್ಬನೇ ಇರುವುದೇನು ದೊಡ್ಡ ವಿಷಯ ಎಂದು ನಾನು ಯಶವಂತಪುರ ಸ್ಟೇಷನ್ನಿನಲ್ಲಿ ಘೋಷಿಸಿದೆ. ಹೆಂಡತಿ ಹೆರಿಗೆಗೆಂದು ತವರಿಗೆ ಹೊರಟಿದ್ದಳು.

"ಸಂಜೆ ಹೊತ್ತು ಯಾರ ಹತ್ರನಾದ್ರೂ ನಾಲ್ಕ್ ಮಾತಾಡಿ. ಗೋಡೆ ನೋಡ್ಕೊಂಡು ಕೂತ್ಕೋಬೇಡಿ" ಎಂದಳು.

"ನಂಗೇನ್ ಬೇಜಾರು?" ಎಂದೆ.

ರೈಲು ಹೋಯಿತು. ಆರ್.ಟಿ. ನಗರದ ಮನೆಯ ಬೀಗ ತೆಗೆದರೆ, ಬೇಜಾರು ನನಗಿಂತ ಮೊದಲೇ ಬಂದು ಕೂತಿತ್ತು. ನಮ್ಮ ಬೀದಿಗೆ ಇನ್ನೂ ಟೀವಿ ಬಂದಿರಲಿಲ್ಲ. ಕುಕ್ಕರ್ ಕೂಗಿದರೂ ಯಾರೋ ಕರೆದಂತಾಗಿ ತಿರುಗಿ ನೋಡುತ್ತಿದ್ದೆ.

ಒಂದು ಸಂಜೆ ಪಕ್ಕದ ಮನೆಯ ಬಶೀರ್ ಸಾಹೇಬರು ಸಕ್ಕರೆ ಕೇಳಿಕೊಂಡು ಬಂದರು. ರೈಲ್ವೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಅವರೂ ಒಂಟಿ. ಕೂತರು, ಚಹಾ ಕುಡಿದರು, ತಾವು ಆಡುತ್ತಿದ್ದ ಕಾಲದ ಫುಟ್‌ಬಾಲ್ ಕಥೆ ಹೇಳಿದರು. ಅವರು ಎದ್ದು ಹೋದಾಗ ಮನೆ ಮೊದಲಿಗಿಂತ ಖಾಲಿಯಾಯಿತು. ಈ ಮನುಷ್ಯ ದಿನಾ ಬರುವಂತೆ ಮಾಡಬೇಕು! ಬರೀ ಚಹಾಕ್ಕೆ ಯಾರು ದಿನಾ ಬರುತ್ತಾರೆ ಎಂದು ಯೋಚಿಸಿ, ನಾನು ಒಂದು ಆಟವನ್ನೇ ಸೃಷ್ಟಿಸಿದೆ.

ಕೇರಂ ಬೋರ್ಡೇ ಫುಟ್‌ಬಾಲ್ ಮೈದಾನ, ಕಡಲೆಕಾಳೇ ಚೆಂಡು. ನನ್ನ ತಂಡ ಅಂಗಿ ಗುಂಡಿಗಳು, ಅವರದು ಹುಣಸೆ ಬೀಜಗಳು. ನಾವಿಬ್ಬರೂ ಮ್ಯಾನೇಜರುಗಳು, ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುವವರು. ಗೋಲಿಗೆ ಹೊಡೆಯುವವನು ದಾಳ ಉರುಳಿಸಬೇಕು, ತಡೆಯುವವನೂ ಉರುಳಿಸಬೇಕು. ತಡೆಯುವವನಿಗೆ ಹೆಚ್ಚು ಬಿದ್ದರೆ ಒಂದು ಬ್ಲಾಕ್. ಪ್ರತಿ ಬ್ಲಾಕಿಗೂ ಅವನ ಅನುಭವ ಒಂದು ಅಂಕ ಏರತಕ್ಕದ್ದು. ಆ ಅಂಕವನ್ನು ಮುಂದೆ ಅವನ ದಾಳಕ್ಕೆ ಸೇರಿಸತಕ್ಕದ್ದು. ಡ್ರಾ ಆದರೆ ಮರುದಿನ ಮರುಪಂದ್ಯ ಆಡತಕ್ಕದ್ದು. ನನ್ನ ಕಿತಾಪತಿಯೆಲ್ಲ ಈ ಕೊನೆಯ ಎರಡು ನಿಯಮಗಳಲ್ಲಿತ್ತು: ಡ್ರಾ ಆದಷ್ಟು ದಿನ ಸಾಹೇಬರು ಬರಲೇಬೇಕು.

ತಡೆಗಾರನಾಗಿ ಮದುವೆಯ ಕೋಟಿನಿಂದ ದೊಡ್ಡ ಗುಂಡಿಯೊಂದನ್ನು ಕಿತ್ತು ನಿಲ್ಲಿಸಿದೆ. ಸಾಹೇಬರು ಹಲಸಿನ ಬೀಜ ತಂದರು. ಮೊದಮೊದಲು ಗೋಲುಗಳಾದವು. ಆಮೇಲೆ ಇಬ್ಬರೂ ತಡೆಗಾರರು ತಡೆದು ತಡೆದು ಮಹಾ ಅನುಭವಿಗಳಾದರು. ಸೊನ್ನೆ-ಸೊನ್ನೆ. ಮರುದಿನವೂ ಅದೇ. ನಾನು ತಲೆ ತಗ್ಗಿಸಿ ಬ್ಲಾಕುಗಳನ್ನು ಕೂಡುತ್ತಾ ಒಳಗೊಳಗೇ ಹಿಗ್ಗುತ್ತಿದ್ದೆ.

"ಮೂರ್ತಿಯವರೇ, ನಂಗೆ ಆರ್ ಬಿದ್ರೂ ನಿಮ್ ಗುಂಡಿಗೆ ಮೊದ್ಲೇ ಒಂಬತ್ತಿದೆಯಲ್ರೀ" ಎಂದರು ಸಾಹೇಬರು.

"ಅದು ಅನುಭವ ಸಾಹೇಬ್ರೇ."

"ಅನುಭವ ಅಲ್ಲ ಕಣ್ರೀ, ಕಾಂಪೌಂಡ್ ಗೋಡೆ ಅದು."

ಮರುದಿನ ಸಾಹೇಬರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಹೋದೆ. ಅವರು ಚಪ್ಪಲಿ ಮೆಟ್ಟಿ ಟೀ ಅಂಗಡಿಗೆ ಹೊರಟಿದ್ದರು.

"ರೂಲ್ ಬದಲಾಯಿಸ್ತೀನಿ, ಬನ್ನಿ" ಎಂದೆ.

"ರೂಲ್ ಇರ್ಲಿ ಬಿಡಿ. ನಾನ್ ಬರ್ತಿದ್ದಿದ್ದು ನಾಲ್ಕ್ ಮಾತಾಡೋಕೆ. ಆಟ ಶುರುವಾದ್ಮೇಲೆ ನೀವ್ ತಲೇನೇ ಎತ್ಲಿಲ್ಲ. ಅಂಗಡೀಲಿ ಜನ ಮಾತಾಡ್ತಾರೆ."

ಬಾಯಿಗೆ ಬಂದ 'ನಾನೂ ಬರ್ತೀನಿ' ಎಂಬ ಮಾತನ್ನು ಹೇಳಲು ನಾಚಿಕೆಯಾಯಿತು. ಮನೆಗೆ ಬಂದು ಬೋರ್ಡು ಹಾಕಿದೆ. ಇನ್ನು ಎರಡು ತಂಡಕ್ಕೂ ನಾನೇ ಮ್ಯಾನೇಜರು. ಯಾರು ಗೆದ್ದರೂ ನಾನು ಗೆದ್ದಂತೆ ಎಂದು ಸಮಾಧಾನ ಮಾಡಿಕೊಂಡು ದಾಳ ಉರುಳಿಸಿದೆ.

ಸೊನ್ನೆ-ಸೊನ್ನೆ. ನಿಯಮದ ಪ್ರಕಾರ ನಾಳೆ ಮರುಪಂದ್ಯ. ನಾನಂತೂ ಬರಲೇಬೇಕು.