ಹಿಂದಕ್ಕೆ ತಿರುಗಿದ ಮೀಟರು

ಜರ್ಮನಿಯ ಕಾಸೆಲ್ ಊರಿನ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಡೆಟ್ಲೆಫ್ ರಾಬೆಗೆ ನಿಯಮಗಳೆಂದರೆ ಪ್ರಾಣ, ಅವು ಬೇರೆಯವರ ತಲೆಯ ಮೇಲೆ ಬೀಳುವಂತಿದ್ದರೆ. ಹೋದ ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯ ವೀಗಾಂಡಮ್ಮ ತನ್ನ ಬಾಲ್ಕನಿಯಲ್ಲಿ ಪ್ಲಗ್ಗಿಲ್ಲವೆಂದು ಕಿಟಕಿಯಿಂದ ವೈರು ಎಳೆದು ದೀಪದ ಸರ ಹಾಕಿದ್ದಳು. ಈ ಪುಣ್ಯಾತ್ಮ ಸಭೆ ಕರೆಸಿ, ಕಿಟಕಿ ಬಾಗಿಲುಗಳಿಂದ ಯಾರೂ ಹೊರಗೆ ವೈರು ಎಳೆಯಕೂಡದೆಂದು ನಿಯಮ ಮಾಡಿಸಿದ. ಅವನಿಗೇನು, ಅವನ ಬಾಲ್ಕನಿಯಲ್ಲಿ ಪ್ಲಗ್ಗಿತ್ತು.

ಈ ವಸಂತದಲ್ಲಿ ಅದೇ ಪ್ಲಗ್ಗಿಗೆ ಎರಡು ಸೋಲಾರ್ ಪ್ಯಾನೆಲ್ ಸಿಕ್ಕಿಸಿ, ಬಾಲ್ಕನಿಯ ಕಟಕಟೆಗೆ ನೇತುಹಾಕಿದ. ಬಿಸಿಲಿನ ಕರೆಂಟು ಪ್ಲಗ್ಗಿನ ಮೂಲಕ ಮನೆಯೊಳಕ್ಕೆ ಹರಿದು, ಖರ್ಚಿಗಿಂತ ಹೆಚ್ಚಾದರೆ ಮೀಟರು ಹಿಂದಕ್ಕೆ ತಿರುಗಿ ಬಿಲ್ಲು ಇಳಿಯುವ ಏರ್ಪಾಡು ಅದು. ಅಂದಿನಿಂದ ಸೂರ್ಯನನ್ನು ತಾನೇ ಹೆತ್ತವನಂತೆ ಓಡಾಡತೊಡಗಿದ.

ಭಾನುವಾರ ಬೆಳಿಗ್ಗೆ ವೀಗಾಂಡಮ್ಮ ಹೂಕುಂಡಗಳ ಸಂದಿಯಿಂದ ಇಣುಕಿ, "ರಾಬೆಯವರೇ, ನಿಮ್ಮ ಹಲಗೆ ಹೊಳಪು ನನ್ನ ಕಣ್ಣು ಕುಕ್ತಾ ಇದೆ. ಕರೆಂಟಾದ್ರೂ ಬರುತ್ತಾ, ಬರೀ ಶೋಕಿನಾ?" ಎಂದಳು.

ರಾಬೆಗೆ ಉರಿದುಹೋಯಿತು. "ಮಧ್ಯಾಹ್ನ ಎಲ್ಲರೂ ನೆಲಮಾಳಿಗೆಗೆ ಬನ್ನಿ. ಮೀಟರಿನ ಚಕ್ರ ಹಿಂದಕ್ಕೆ ತಿರುಗದಿದ್ರೆ ಇವತ್ತೇ ಪ್ಯಾನೆಲ್ ಇಳಿಸ್ತೀನಿ. ತಿರುಗಿದ್ರೆ ಅದು ಇಲ್ಲೇ ಇರುತ್ತೆ, ಇಳಿಸೋ ಮಾತು ಯಾರೂ ಎತ್ತಬಾರದು."

ಮೀಟರು ಕೋಣೆಯ ಬೀಗದಕೈ ಇದ್ದದ್ದು ನಿವಾಸಿಗಳ ಸಂಘದ ಅಧ್ಯಕ್ಷ ಟೀಮೆಯ ಬಳಿ. ಆತ ಬಾಲ್ಕನಿಗಳ ಕೆಳಗಿನ ಅಂಗಳದಲ್ಲಿ ನಿಂತು ಇದನ್ನೆಲ್ಲ ಕೇಳಿ, "ಒಪ್ಪಿಗೆ" ಎಂದ.

ಚಕ್ರ ರಭಸದಿಂದ ತಿರುಗಲೆಂದು ರಾಬೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ, ಫ್ರಿಜ್ಜನ್ನೂ ಬಿಡಲಿಲ್ಲ. ಐಸ್‌ಕ್ರೀಮು ಕರಗಿ ಸಾಸೇಜಿನ ಮೇಲೆ ಹರಿಯಿತು. ತಣ್ಣನೆಯ ಕಾಫಿ ಕುಡಿಯುವಷ್ಟರಲ್ಲಿ ಪ್ಯಾನೆಲ್ಲಿನ ಮೇಲೆ ನೆರಳು ಬಿತ್ತು. ಮೇಲಿನ ಮನೆಯ ಮುದುಕ ತನ್ನ ದಪ್ಪ ಗರಿಯ ಹೊದಿಕೆಯನ್ನು ಕಿಟಕಿಯಿಂದ ಇಳಿಬಿಟ್ಟು ಗಾಳಿಗೆ ಹರವಿದ್ದ. ರಾಬೆ ದಡದಡನೆ ಮೆಟ್ಟಿಲು ಹತ್ತಿದ.

"ಭಾನುವಾರ ಹೀಗಾ ಸದ್ದು ಮಾಡೋದು?" ಎಂದು ಮುದುಕ ಗದರಿದ. "ಹೊದಿಕೆಗೆ ಗಾಳಿಯಂತೂ ಆಡಲೇಬೇಕು. ನೆರಳು ಬೇಡ ಅಂದ್ರೆ ಒಳಗೆಳೆದು ನೀವೇ ಹಿಡ್ಕೊಂಡು ನಿಲ್ಲಿ."

ನಿಂತ. ಊರಿಗೆಲ್ಲ ಕಾನೂನು ಹೇಳುವ ಗಂಡಸು ಪರರ ಹೊದಿಕೆ ಎತ್ತಿಹಿಡಿದು, ಬಟ್ಟೆ ಒಣಹಾಕುವ ಗೂಟದಂತೆ ಮಧ್ಯಾಹ್ನದವರೆಗೂ ನಿಂತ.

ನೆಲಮಾಳಿಗೆಗೆ ಜನ ಕೇಕಿನ ತಟ್ಟೆ ಹಿಡಿದೇ ಬಂದರು. ಟೀಮೆ ಬೀಗ ತೆಗೆದ. ರಾಬೆ ಮೊದಲು ಫೋನನ್ನು ಎಲ್ಲರ ಮೂಗಿಗೆ ಹಿಡಿದು, ಪ್ಯಾನೆಲ್ಲಿನಿಂದ ಕರೆಂಟು ಭರ್ಜರಿಯಾಗಿ ಬರುತ್ತಿರುವುದನ್ನು ತೋರಿಸಿದ. ಆಮೇಲೆ ಠೀವಿಯಿಂದ ತನ್ನ ಮೀಟರಿನತ್ತ ತಿರುಗಿದ.

ಚಕ್ರ ಸತ್ತಂತೆ ನಿಂತಿತ್ತು. ಪಕ್ಕದ ಮೀಟರಿನ ಚಕ್ರ ಮಾತ್ರ ಗಿರಗಿರನೆ ಹಿಂದಕ್ಕೆ ತಿರುಗುತ್ತಿತ್ತು.

ವೀಗಾಂಡಮ್ಮ ಕನ್ನಡಕ ಏರಿಸಿ ನೋಡಿದಳು. "ಇದು ನಂದಲ್ವಾ?"

"ನಿಮ್ಮದೇ," ಎಂದ ಟೀಮೆ, ಕೇಕು ಅಗಿಯುತ್ತ. "ಮೊದಲು ನಿಮ್ಮಿಬ್ಬರದ್ದೂ ಒಂದೇ ಮನೆ. ನಡುವೆ ಗೋಡೆ ಎಬ್ಬಿಸಿದಾಗ ಬಾಲ್ಕನಿ ಪ್ಲಗ್ಗು ರಾಬೆ ಪಾಲಿಗೆ ಬಂತು. ಅದರ ವೈರು ನಿಮ್ಮ ಮೀಟರಲ್ಲೇ ಉಳಿದಿರಬೇಕು."

ರಾಬೆ ಮೆಟ್ಟಿಲತ್ತ ನುಗ್ಗಿದ. "ಈಗಲೇ ಕಿತ್ತು ಅಡುಗೆಮನೆ ಪ್ಲಗ್ಗಿಗೆ ಹಾಕ್ತೀನಿ."

"ಹೇಗೆ? ಕಿಟಕಿಯಿಂದ ವೈರು ಎಳೆದಾ?" ಎಂದು ವೀಗಾಂಡಮ್ಮ ಕೇಳಿದಳು.

ಯಾರೋ ಕಿಸಕ್ಕೆಂದರು.

"ಹಾಗಾದ್ರೆ ಪ್ಯಾನೆಲ್ಲೇ ಇಳಿಸ್ತೀನಿ."

"ಚಕ್ರ ತಿರುಗಿದ್ರೆ ಇಳಿಸೋ ಮಾತು ಯಾರೂ ಎತ್ತಬಾರದು ಅಂತ ನೀವೇ ಅಂದ್ರಲ್ಲ," ಎಂದಳು ವೀಗಾಂಡಮ್ಮ. "ತಿರುಗ್ತಾ ಇದೆ."

ಟೀಮೆ ಹೌದೆಂದು ತಲೆಯಾಡಿಸಿದ. ಮೆಟ್ಟಿಲು ಹತ್ತುತ್ತಿದ್ದ ವೀಗಾಂಡಮ್ಮ ಹಿಂತಿರುಗಿ, "ಹಲಗೆ ಮೇಲೆ ಧೂಳು ಕೂತಿದೆ ರಾಬೆಯವರೇ. ನಾಳೆ ಸ್ವಲ್ಪ ಒರೆಸಿಬಿಡಿ," ಎಂದಳು.