ಕಪ್ಪು ಗಾಜಿಗೊಂದು ಸಲ್ಯೂಟು

ಸಲ್ಯೂಟು ಎನ್ನುವ ಪದಾರ್ಥ ಚಂದ್ರಶೇಖರನ ಮನೆತನದಿಂದ ಹೊರಕ್ಕೆ ಹೋದದ್ದುಂಟೇ ಹೊರತು ಒಳಕ್ಕೆ ಬಂದದ್ದಿಲ್ಲ. ಅವನ ತಂದೆ ಮುನಿವೆಂಕಟಪ್ಪ ನಂದಿದುರ್ಗ ಗಣಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದವರು. ದೊಡ್ಡ ಸಾಹೇಬರ ಕಾರು, ಚಿಕ್ಕ ಸಾಹೇಬರ ಕಾರು, ಸಾಹೇಬರೇ ಇಲ್ಲದೆ ಬರೀ ಅವರ ನಾಯಿ ಕೂತಿದ್ದ ಕಾರು, ಹೀಗೆ ಎಲ್ಲಕ್ಕೂ ಹಿಮ್ಮಡಿ ಜೋಡಿಸಿ ಎದೆ ಸೆಟೆಸಿ ಅವರು ಹೊಡೆದ ಸಲ್ಯೂಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಸೈನೈಡ್ ಗುಡ್ಡದಷ್ಟು ಎತ್ತರವಾಗುತ್ತಿತ್ತು. (ಆ ಗುಡ್ಡ ನೋಡದವರಿಗೆ ಒಂದು ಮಾತು: ಗಣಿಯ ಕಲ್ಲಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ ಅದು. ಚಿನ್ನ ಯಾರ ಪಾಲಿಗೋ ಹೋಯಿತು, ಗುಡ್ಡ ನಮ್ಮ ಪಾಲಿಗೆ ಉಳಿಯಿತು.) ಸಾಹೇಬರ ಕಾರಿನ ಗಾಜಿಗೆ ಪರದೆ ಎಳೆದಿರುತ್ತಿತ್ತು. ಒಳಗಿದ್ದವರು ತಿರುಗಿ ಕೈ ಎತ್ತಿದರೋ, ತೂಕಡಿಸುತ್ತಿದ್ದರೋ, ಮುನಿವೆಂಕಟಪ್ಪನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆದ್ದರಿಂದ ಚಂದ್ರಶೇಖರನಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಆಸೆ. ಅಪ್ಪ ಕೊಟ್ಟ ಸಲ್ಯೂಟುಗಳಲ್ಲಿ ಒಂದಾದರೂ ಮನೆಗೆ ವಾಪಸ್ ಬರಬೇಕು. ಅವನು ಊರಿನ ಫ್ಯಾಕ್ಟರಿಯೊಂದರ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ದೊಡ್ಡ ಮನುಷ್ಯನೇ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ರಿಜೆಕ್ಟ್ ಮಾಡಿ ಪಕ್ಕಕ್ಕೆ ಎಸೆಯುವ ಮಹಾಧಿಕಾರಿ. ಅಂಥವನನ್ನು ಕಂಡರೆ ಜನ ಸಲ್ಯೂಟ್ ಹೊಡೆಯುವುದಿಲ್ಲ, ಮೆಷಿನ್ ಹಿಂದೆ ಅವಿತುಕೊಳ್ಳುತ್ತಾರೆ.

ಈ ಸ್ಥಿತಿಯಲ್ಲಿ ಅವನು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಮೊದಲಿನ ಯಜಮಾನ ಕೋಲಾರದ ಸೈಟು ವ್ಯಾಪಾರಿ. ಆ ಮಹಾಶಯ ಕಾರಿನ ಗಾಜಿಗೆಲ್ಲ ಹೊರಗಿನಿಂದ ಕಪ್ಪು ಫಿಲ್ಮ್ ಅಂಟಿಸಿದ್ದ. ಮುಂದಿನ ಗಾಜು ಹೊಗೆ ಹಿಡಿದ ಲಾಟೀನಿನಂತಿತ್ತು, ಪಕ್ಕದವು ಮತ್ತು ಹಿಂದಿನದು ದೋಸೆ ಹೆಂಚಿನಷ್ಟೇ ಕಪ್ಪು. ಉರಿಗಾಂನ ಮನೆ ಮುಂದೆ ಕಾರು ನಿಂತಾಗ ಚಂದ್ರಶೇಖರ ಅದರ ಸುತ್ತ ಪ್ರದಕ್ಷಿಣೆ ಹಾಕಿ, ಗಾಜಿನಲ್ಲಿ ತನ್ನ ಮೀಸೆ ನೋಡಿಕೊಂಡು, "ಇದು ಅಧಿಕಾರಿಗಳ ಗಾಡಿ ಕಣೇ" ಎಂದು ಘೋಷಿಸಿದ.

ಹೆಂಡತಿ ಶಶಿರೇಖಳಿಗೆ ಮಾತ್ರ ಮೊದಲ ದಿನದಿಂದಲೇ ಅದನ್ನು ಕಂಡರೆ ಆಗದು.

"ರೀ, ಹೊಸ ಸೀರೆ ಉಟ್ಕೊಂಡು, ಮಲ್ಲಿಗೆ ಮುಡ್ಕೊಂಡು ನಮ್ಮಮ್ಮನ ಮನೆಗೆ ಹೋದ್ವಲ್ಲ, ಕ್ಯಾಸಂಬಳ್ಳಿ ಬಸ್ ಸ್ಟ್ಯಾಂಡಲ್ಲಿ ನನ್ನ ಜೊತೆ ಓದಿದ ರಾಧಾಮಣಿ ನಿಂತಿದ್ಲು. ಕೈ ಬೀಸಿ ಬೀಸಿ ನನ್ನ ತೋಳು ಬಿದ್ದೋಯ್ತು. ಅವ್ಳು ಏನ್ ಮಾಡಿದ್ಲು ಗೊತ್ತಾ? ಹತ್ರ ಬಂದು, ನಮ್ಮ ಗಾಜಲ್ಲಿ ಮುಖ ನೋಡ್ಕೊಂಡು, ಕೂದ್ಲು ಸರಿ ಮಾಡ್ಕೊಂಡು ಹೋದ್ಲು! ಕಾರು ತಗೊಂಡಿದ್ದು ಯಾರಿಗೂ ಕಾಣಿಸ್ದಂಗೆ ಓಡಾಡೋಕಾ?"

"ದೊಡ್ಡೋರು ಓಡಾಡೋದೇ ಹಾಗೆ ಶಶಿ. ಕಾಣಿಸ್ದೇ ಇದ್ದಷ್ಟೂ ಬೆಲೆ ಜಾಸ್ತಿ."

"ಹಾಗಾದ್ರೆ ನಾನು ಮನೇಲೇ ಇರ್ತೀನಿ ಬಿಡಿ, ಇನ್ನೂ ಬೆಲೆ ಬರತ್ತೆ."

ತಾಯಿ ದ್ಯಾವಮ್ಮ ಒಮ್ಮೆ ಹತ್ತಿ ಕೂತು, ಕತ್ತಲಲ್ಲಿ ಎಲೆಅಡಿಕೆ ಚೀಲ ತಡಕಾಡಿ ಸಾಕಾಗಿ ಇಳಿದುಬಿಟ್ಟರು. "ನಿಮ್ಮಪ್ಪ ಅಷ್ಟು ವರ್ಷ ಗಣಿ ಬಾಗ್ಲಲ್ಲಿ ನಿಂತಿದ್ರೂ ನನ್ನ ಒಳಕ್ಕಿಳಿಸ್ನಿಲ್ಲ ಕಣ್ಲಾ. ನೀನು ದುಡ್ಡು ಕೊಟ್ಟು ಇಳಿಸ್ಬುಟ್ಟೆ!" ಎಂದರು.

ರಾಬರ್ಟ್‌ಸನ್‌ಪೇಟೆಯಲ್ಲಿ ಗಾಡಿಗಳಿಗೆ ಸ್ಟಿಕರ್ ಹಾಕುವ ಗೋಪಿನಾಥ ಕಾನೂನನ್ನೇ ಬಿಡಿಸಿ ಹೇಳಿದ. "ಅಣ್ಣಾ, ಫಿಲ್ಮ್ ಅಂಟ್ಸೋದು ನಾನೇ ಬಿಟ್ಬಿಟ್ಟಿದ್ದೀನಿ. ಮುಂದಿನ ಗಾಜು, ಹಿಂದಿನ ಗಾಜು ನೂರಕ್ಕೆ ಎಪ್ಪತ್ತು ಪಾಲು ಬೆಳಕು ಬಿಡ್ಬೇಕು, ಪಕ್ಕದ್ದು ಐವತ್ತು. ಅದೂ ಕಂಪನಿಯಿಂದ ಬರೋವಾಗ್ಲೇ ಹಂಗಿರ್ಬೇಕು. ಆಮೇಲೆ ಅಂಟ್ಸಿದ್ದು ಕಂಡ್ರೆ ಪೊಲೀಸ್ನೋರು ರೋಡಲ್ಲೇ ಕಿತ್ತಾಕ್ತಾರೆ. ಈಗ್ಲೇ ತೆಗ್ದುಬಿಡ್ಲಾ?"

"ಏನಪ್ಪಾ ಗೋಪಿ, ಈ ಗಾಜು ನೋಡಿದ್ಮೇಲೆ ನಿಲ್ಸೋ ಧೈರ್ಯ ಯಾವ ಪೊಲೀಸ್ಗೆ ಬರತ್ತೆ? ಒಳಗೆ ಮಂತ್ರಿ ಇದ್ರೆ?" ಎಂದು ಚಂದ್ರಶೇಖರ ನಕ್ಕ. (ಫ್ಯಾಕ್ಟರಿಯಲ್ಲಿ ಕೂದಲೆಳೆಯನ್ನೂ ಕ್ಷಮಿಸದ ಮನುಷ್ಯ ಈತನೇ ಎಂಬುದನ್ನು ಓದುಗರು ಮರೆಯಬಾರದು.)

ಅವನ ಮಾತು ನಿಜವಾಗುವ ಕಾಲವೂ ಬಂತು. ಒಂದು ಸಂಜೆ ಬೀಗರ ಕಡೆಯವರನ್ನು ರೈಲು ಹತ್ತಿಸಿ ಬಂಗಾರಪೇಟೆಯಿಂದ ಒಬ್ಬನೇ ಮರಳುತ್ತಿದ್ದ. ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿದ್ದ. ಸರ್ಕಲ್ಲಿನಲ್ಲಿ ನಿಂತಿದ್ದ ಪೊಲೀಸಿನವನು ಈ ಕಾರನ್ನು ಕಂಡವನೇ ಸೆಟೆದು ನಿಂತ. ಅವನ ಬಲಗೈ ಟೋಪಿಯ ಮಟ್ಟಕ್ಕೆ ಚಕ್ಕನೆ ಎದ್ದಿತು. ಹೊಗೆ ಬಣ್ಣದ ಗಾಜಿನ ಆಚೆ ಖಾಕಿಯೂ ಎತ್ತಿದ ಕೈಯೂ ಮಸುಕಾಗಿ ಕಂಡದ್ದಷ್ಟೇ, ಚಂದ್ರಶೇಖರನ ಮೈಯೆಲ್ಲ ಜುಮ್ಮೆಂದಿತು. ಸಲ್ಯೂಟು! ಸಾಕ್ಷಾತ್ ಸರ್ಕಾರದ ಸಲ್ಯೂಟು! ಪೊಲೀಸಿನವನು ಸೀಟಿ ಬೇರೆ ಊದುತ್ತಿದ್ದ, ದಾರಿ ಬಿಡಿಸಲು ಇರಬೇಕು. ಪ್ರತಿವಂದನೆ ಮಾಡದಿದ್ದರೆ ಸೌಜನ್ಯವಲ್ಲವೆಂದು ಚಂದ್ರಶೇಖರ "ಪೀಂ ಪೀಂ" ಎಂದು ಹಾರ್ನ್ ಮಾಡಿ, ಒಳಗಿನಿಂದಲೇ ಗಂಭೀರವಾಗಿ ಕೈ ಎತ್ತಿ, ಮುಂದೆ ಸಾಗಿದ.

ಅಲ್ಲಿಂದ ಅವನಿಗೆ ಆ ಚಟ ಹತ್ತಿತು. ಸಂಜೆಯಾದರೆ "ಬಂಗಾರಪೇಟೆ ಪಾನಿಪುರಿ ತರ್ತೀನಿ" ಎಂದು ಹೊರಡುವನು. ಆ ಊರಿನ ಪಾನಿಪುರಿ ದೂರದೂರದವರು ಹುಡುಕಿಕೊಂಡು ಬಂದು ತಿನ್ನುವಂಥದು ನಿಜ. ಆದರೆ ಅದನ್ನು ಕಟ್ಟಿಸಿಕೊಂಡು ಉರಿಗಾಂಗೆ ತರುವ ಹೊತ್ತಿಗೆ ಪುರಿ ನೆನೆದ ಹಪ್ಪಳವಾಗಿ ಪಾನಿ ಸೀಟಿನ ಪಾಲಾಗಿರುತ್ತಿತ್ತು. ಮೊದಲ ವಾರ ಮನೆಯವರು ಚಪ್ಪರಿಸಿದರು. ಆಮೇಲೆ ದ್ಯಾವಮ್ಮ, "ನಂಗೆ ಮುದ್ದೆ ಕೊಡವ್ವ, ಆ ನೀರ್ಗುಳ್ಳೆ ಬ್ಯಾಡ" ಎಂದು ಮುಖ ತಿರುಗಿಸಿದರು. ಶಶಿರೇಖ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಳು.

"ನಿಜ ಹೇಳಿ. ದಿನಾ ಸಂಜೆ ಮೀಸೆ ತಿದ್ಕೊಂಡು, ಸೆಂಟ್ ಹಾಕ್ಕೊಂಡು, ಕಪ್ಪು ಗಾಜಿನ ಕಾರಲ್ಲಿ ಹೋಗೋದು ಪಾನಿಪುರಿಗಾ? ಯಾರವಳು?"

"ಅವಳಲ್ಲ ಕಣೇ, ಅವನು!"

ಶಶಿರೇಖಳ ಮುಖ ನೋಡಿ ಮಾತು ಎಡವಟ್ಟಾಯಿತೆಂದು ಅವನಿಗೆ ಹೊಳೆಯಿತು. ಬೇರೆ ದಾರಿಯಿಲ್ಲದೆ ಸಲ್ಯೂಟಿನ ಸಮಾಚಾರವನ್ನು ಬಾಯಿಬಿಟ್ಟ. ಹೇಳುತ್ತಾ ಹೇಳುತ್ತಾ ತಾಯಿಯ ಕಡೆಗೆ ತಿರುಗಿದ. "ಅಮ್ಮಾ, ಅಪ್ಪ ಜೀವನವೆಲ್ಲ ಕೈ ಎತ್ತಿ ಎತ್ತಿ ಸವೆದುಹೋದ. ಈಗ ಅವನ ಮಗನಿಗೆ ಪೊಲೀಸೇ ಸಲ್ಯೂಟ್ ಹೊಡೀತಾನೆ. ನೀನೊಂದ್ಸಲ ಕಣ್ಣಾರೆ ನೋಡ್ಬೇಕು."

ದ್ಯಾವಮ್ಮ ಎದ್ದು ಹೋಗಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದರು.

ಮರುದಿನ ಸಂಜೆ ಅತ್ತೆ ಸೊಸೆ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಂದ್ರಶೇಖರ ಬಂಗಾರಪೇಟೆಗೆ ಹೊರಟ. ದಾರಿಯುದ್ದಕ್ಕೂ ವಿವರಣೆ ನಡೆದೇ ಇತ್ತು. ಸರ್ಕಲ್ ಬಂತು. ನೋಡಿದರೆ ಅಂದು ಏರ್ಪಾಡೇ ಬೇರೆ! ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡ್ ಇಟ್ಟಿತ್ತು. ಎಂದಿನ ಪೊಲೀಸಿನವನ ಪಕ್ಕದಲ್ಲಿ ಹೆಗಲ ಮೇಲೆ ನಕ್ಷತ್ರವಿದ್ದ ಮೇಲಧಿಕಾರಿಯೊಬ್ಬರು ನಿಂತಿದ್ದರು. ಕಾರು ಕಾಣುತ್ತಲೇ ಇಬ್ಬರ ಕೈಯೂ ಒಟ್ಟಿಗೆ ಮೇಲೆದ್ದಿತು.

"ನೋಡಮ್ಮಾ, ಇವತ್ತು ಇಬ್ರು!" ಎಂದು ಚಂದ್ರಶೇಖರ ಕಾರು ನಿಲ್ಲಿಸಿ, ಗಾಜು ಇಳಿಸಿ, ದೊಡ್ಡ ಮನಸ್ಸು ಮಾಡಿ ಹೇಳಿದ: "ಇರ್ಲಿ ಇರ್ಲಿ. ಇಷ್ಟೆಲ್ಲ ಯಾಕೆ?"

"ಸಾರ್, ಇದೇ ಸಾರ್, ಆ ಪೀಂ ಪೀಂ ಗಾಡಿ!" ಎಂದು ಪೊಲೀಸಿನವನು ಕುಣಿದಾಡಿದ. ಎದೆಯ ಮೇಲಿನ ಪಟ್ಟಿಯಲ್ಲಿ ನಾಗೇಶ್ ಎಂದಿತ್ತು. ಗಾಜು ಇಳಿದದ್ದರಿಂದ ಚಂದ್ರಶೇಖರನಿಗೆ ಅವನ ಮುಖ ಸ್ಪಷ್ಟವಾಗಿ ಕಂಡದ್ದು ಅಂದೇ ಮೊದಲು. ಅದರಲ್ಲಿ ಗೌರವದ ಲಕ್ಷಣ ಏನೇನೂ ಇರಲಿಲ್ಲ.

ಮೇಲಧಿಕಾರಿ, ಎಎಸ್‌ಐ ಚಲಪತಿ, ಬಗ್ಗಿ ಒಳಗೆ ನೋಡಿದರು. "ಏನ್ರೀ, ನಮ್ಮೋನು ದಿನಾ ಕೈ ಅಡ್ಡ ತೋರ್ಸಿ ನಿಲ್ಸಿ ನಿಲ್ಸಿ ಅಂತ ಬಾಯಿ ಬಡ್ಕೊಂಡ್ರೆ, ನೀವು ಪೀಂ ಪೀಂ ಅಂತ ಅಣಕಿಸ್ಕೊಂಡು ಹೋಗ್ತೀರಂತೆ?"

"ನಿಲ್ಸೋಕಾ? ಅದು... ಅದು ಸಲ್ಯೂಟ್ ಅಲ್ವಾ?"

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವ ಉಪಾಯವಿರಲಿಲ್ಲ. "ಸಲ್ಯೂಟಾ?" ಎಂದು ನಾಗೇಶ ಕೂಗಿದ ರಭಸಕ್ಕೆ ಪಾನಿಪುರಿ ಗಾಡಿಯ ಸುತ್ತ ಬಾಯಿ ತೆರೆದವರೆಲ್ಲ ತೆರೆದ ಬಾಯಲ್ಲೇ ತಿರುಗಿದರು. "ನಿಮಗ್ಯಾಕ್ರೀ ಹೊಡೀಲಿ ಸಲ್ಯೂಟು? ನೀವೇನು ನಮ್ಮ ಎಸ್‌ಪಿ ಸಾಹೇಬ್ರಾ?" ಹಿಂದಿನ ಸೀಟಿನಿಂದ ಗೊರ್ ಎಂಬ ಸದ್ದು ಬಂತು. ಶಶಿರೇಖ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಹೊರಟಿತ್ತು.

ಗಾಜಿಗೆ ಬೆಳಕಿನ ಮೀಟರ್ ಇಟ್ಟರು. ಅದು ತೋರಿಸಿದ ಅಂಕಿಯನ್ನು ಇಲ್ಲಿ ಹೇಳದಿರುವುದೇ ಮರ್ಯಾದೆ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದರೆ ಅಪ್ಪ ಅಮ್ಮ ಮಗನನ್ನು ಗ್ಯಾರೇಜಿಗೆ ಸೇರಿಸುತ್ತಾರೆ. ಚಂದ್ರಶೇಖರ ತನ್ನ ವೃತ್ತಿವಿದ್ಯೆಯನ್ನೇ ಕೊನೆಯ ಅಸ್ತ್ರವಾಗಿ ಬಿಟ್ಟ.

"ಸ್ವಲ್ಪ ಹೆಚ್ಚುಕಮ್ಮಿಗೆ ಟಾಲರೆನ್ಸ್ ಅಂತ ಇರತ್ತಲ್ಲ ಸಾರ್? ನಾನೂ ಇನ್‌ಸ್ಪೆಕ್ಷನ್ನಲ್ಲೇ ಇರೋದು..."

"ಹೌದಾ? ಇಂಥ ಮಾಲು ಬಂದ್ರೆ ನೀವೇನ್ ಮಾಡ್ತೀರಾ?"

ಚಂದ್ರಶೇಖರ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ಪರೀಕ್ಷಿಸತೊಡಗಿದ.

"ನಾಗೇಶಾ, ರಿಜೆಕ್ಟ್! ಕಿತ್ತಾಕು."

ನಾಗೇಶನಿಗೆ ಅಷ್ಟು ದಿನದ ಪೀಂ ಪೀಂ ಎಲ್ಲ ನೆನಪಿಗೆ ಬಂದಿರಬೇಕು. ಉಗುರು ಹಾಕಿ ಒಂದು ಮೂಲೆ ಎಬ್ಬಿಸಿ ಚರ್ರೆಂದು ಎಳೆದ. ಮುಂದಿನ ಗಾಜು ಬಯಲಾಯಿತು. ಆಮೇಲೆ ಹಿಂದಿನ ಬಾಗಿಲ ಗಾಜಿಗೆ ಕೈ ಹಾಕಿದ. ಫಿಲ್ಮ್ ಮೇಲಿನಿಂದ ಇಳಿದ ಹಾಗೆಲ್ಲ ಒಳಗಿದ್ದವರು ಕಾಣತೊಡಗಿದರು. ಮೊದಲು ಬಿಳಿಯ ಕೂದಲು, ಆಮೇಲೆ ಮೂಗುಬೊಟ್ಟು, ಕೊನೆಗೆ ನೆಮ್ಮದಿಯಾಗಿ ಎಲೆಅಡಿಕೆ ಮೆಲ್ಲುತ್ತಿದ್ದ ಬಾಯಿ.

ಚಲಪತಿ ಕಣ್ಣು ಕಿರಿದು ಮಾಡಿ ಒಂದು ಹೆಜ್ಜೆ ಮುಂದೆ ಬಂದು, ದೊಡ್ಡಮ್ಮನನ್ನು ಕರೆಯುವ ತೆಲುಗು ಮಾತಿನಲ್ಲೇ ಕೂಗಿದರು. "ಪೆದ್ದಮ್ಮಾ! ನೀವು ಗೇಟ್ ಮುನೆಂಕಟಪ್ಪನೋರ ಮನೆಯೋರಲ್ವಾ?"

"ಊಂ ಕಣಪ್ಪಾ. ನೀನ್ಯಾರೋ ಗುರ್ತು ಅತ್ಲಿಲ್ವಲ್ಲ?"

"ನಾನು ಚಲಪತಿ, ಅಂಜಮ್ಮನ ಮಗ. ನಂದಿದುರ್ಗ ಲೈನಿನ ಗಣಿ ಸಾಲುಮನೆಗಳಲ್ಲೇ ನಮ್ಮನೆ."

"ಅಯ್ಯೋ, ನಮ್ಮ ಅಂಜಮ್ಮನ ಮಗ್ನಾ? ಎಷ್ಟು ಎತ್ರ ಬೆಳ್ದ್‌ಬುಟ್ಟೆ ಕಣಪ್ಪಾ!"

ಚಲಪತಿ ಸುತ್ತ ಸೇರಿದ ಜನಕ್ಕೂ ಕೇಳುವ ಹಾಗೆ ಹೇಳಿದರು: "ನಾಗೇಶಾ, ಟ್ರೈನಿಂಗಲ್ಲಿ ನಮ್ಮ ಉಸ್ತಾದ್ರು ನನ್ನ ಸಲ್ಯೂಟ್ ನೋಡಿ, ಇದನ್ನ ಎಲ್ಲಿ ಕಲ್ತ್ಯೋ ಅಂದಿದ್ರು. ಇವರ ಯಜಮಾನ್ರನ್ನ ನೋಡಿ ಕಲ್ತಿದ್ದು ನಾನು. ಗಣಿ ಗೇಟಲ್ಲಿ ಅವರು ಹಿಮ್ಮಡಿ ಜೋಡಿಸಿದ್ರೆ ಆಚೆ ಲೈನಿಗೆ ಕೇಳ್ಸೋದು."

ಹೀಗೆಂದು ಟೋಪಿ ಸರಿಮಾಡಿಕೊಂಡು, ಎದೆ ಸೆಟೆಸಿ, ಟಪ್ಪೆಂದು ಹಿಮ್ಮಡಿ ಜೋಡಿಸಿ ಒಂದು ಸಲ್ಯೂಟು ಹೊಡೆದರು. ನಾಗೇಶನೂ ಹೊಡೆದ. ಬಯಲಾದ ಗಾಜಿನ ಹಿಂದೆ ದ್ಯಾವಮ್ಮ ಮೆಲ್ಲುವುದನ್ನು ನಿಲ್ಲಿಸಿದರು. ಸೀರೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಗಂಡ ಹೊಡೆಯುತ್ತಿದ್ದ ಹಾಗೆಯೇ ಕೈಯನ್ನು ಹಣೆಗೆ ತಂದರು. ಆ ಕಡೆಯಿಂದ ಬಂದದ್ದಕ್ಕೆ ಈ ಕಡೆಯಿಂದ ಉತ್ತರ ಹೋದದ್ದು ಎಲ್ಲರಿಗೂ ಕಂಡಿತು.

ಚಂದ್ರಶೇಖರನ ಕಣ್ಣು ತುಂಬಿ ಬಂತು. ಅಪ್ಪನ ಸಲ್ಯೂಟು ಕೊನೆಗೂ ಮನೆಗೆ ಬಂದಿತ್ತು. ಇಷ್ಟು ಹೆಮ್ಮೆ ಅವನಿಗೆ ಕಾರು ಕೊಂಡ ದಿನವೂ ಆಗಿರಲಿಲ್ಲ. ಇದೇ ಒಳ್ಳೆಯ ಸಮಯವೆಂದು ಮೂಗು ಒರೆಸಿಕೊಂಡು ಮೆಲ್ಲಗೆ, "ನಾನು ಅವರ ಮಗನೇ ಸಾರ್..." ಎಂದ.

"ಅದಕ್ಕೇ ಬಿಡೋ ಹಾಗಿಲ್ಲ. ಗೇಟ್ ಪಾಸ್ ಇಲ್ದಿದ್ರೆ ನಿಮ್ಮಪ್ಪ ದೊಡ್ಡ ಸಾಹೇಬ್ರನ್ನೂ ಬಿಡ್ತಿರ್ಲಿಲ್ಲ. ಅವರ ಮಗನ್ನ ನಾನು ಬಿಟ್ರೆ ಅವರು ಮೇಲಿಂದ್ಲೇ ಬೈತಾರೆ."

"ಬುಡ್ಬ್ಯಾಡ ಕಣಪ್ಪಾ," ಎಂದು ಒಳಗಿನಿಂದ ದ್ಯಾವಮ್ಮ ಹುರಿದುಂಬಿಸಿದರು. "ಆಕು ದಂಡ. ಎಷ್ಟು ದಿನ ಕೈ ತೋರ್ಸಿದ್ಯೋ ಎಲ್ಲಾ ಸೇರ್ಸಿ ಆಕು."

ಸಲ್ಯೂಟು ಅಮ್ಮನಿಗೆ, ದಂಡ ಮಗನಿಗೆ. ಚಲಪತಿ ಎರಡನ್ನೂ ಸರಿಯಾದ ವಿಳಾಸಕ್ಕೆ ತಲುಪಿಸಿ ಬ್ಯಾರಿಕೇಡ್ ಸರಿಸಿದರು.

ಈಗ ಬಂಗಾರಪೇಟೆಗೆ ಹೋಗುವ ಚಟ ದ್ಯಾವಮ್ಮನಿಗೆ ಹತ್ತಿದೆ. ಸಂಜೆಯಾದರೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, "ಲೋ ಚಂದ್ರಾ, ಗಾಡಿ ತೆಗಿ" ಎನ್ನುತ್ತಾರೆ. ಥಳಥಳ ತೊಳೆದ ಗಾಜಿನ ಕಾರಿನಲ್ಲಿ ಹಿಂದಿನ ಸೀಟಿನ ನಡುವೆ ಅವರು, ಪಕ್ಕದಲ್ಲಿ ಮಲ್ಲಿಗೆ ಮುಡಿದ ಶಶಿರೇಖ. ದಾರಿಯಲ್ಲಿ ಕಂಡವರೆಲ್ಲ ಕೈ ಬೀಸುತ್ತಾರೆ. ತವರಿಗೆ ಹೋದಾಗ ಕ್ಯಾಸಂಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ರಾಧಾಮಣಿ ಇವರನ್ನು ಕಂಡು ಮುಖ ಸಣ್ಣದು ಮಾಡಿಕೊಂಡದ್ದನ್ನು ಶಶಿರೇಖ ಇನ್ನೂ ಹೇಳುತ್ತಿದ್ದಾಳೆ. ಸರ್ಕಲ್ಲಿನಲ್ಲಿ ನಾಗೇಶ ಸಲ್ಯೂಟ್ ಹೊಡೆದಾಗ ದ್ಯಾವಮ್ಮ ತಿರುಗಿ ಹೊಡೆಯುತ್ತಾರೆ. ಮುಂದೆ ಸ್ಟಿಯರಿಂಗ್ ಹಿಡಿದವನ ಕಡೆಗೆ ಯಾರೂ ನೋಡುವುದಿಲ್ಲ. ಅವನು ಮಾತ್ರ ಕನ್ನಡಿಯಲ್ಲಿ ತಾಯಿಯ ಮುಖ ನೋಡುತ್ತಾ ಮೀಸೆಯಡಿಯಲ್ಲೇ ಉಬ್ಬುತ್ತಿರುತ್ತಾನೆ.

ಮೊನ್ನೆ ಸರ್ಕಲ್ಲಿನಲ್ಲಿ ಹೂ ಮಾರುವ ಮುನಿಶಾಮಮ್ಮ ಕಿಟಕಿಯ ಹತ್ತಿರ ಬಂದು ಹೂವಿನ ಮೊಳ ಚಾಚುತ್ತಾ ಕೇಳಿದಳು: "ಏನಕ್ಕಾ, ದಿನಾ ಕಾರಲ್ಲಿ ಬತ್ತೀಯಾ. ಡ್ರೈವರ್ನ ಒಸ್ದಾಗಿ ಮಡಿಕ್ಕೊಂಡ್ಯಾ? ಚೆನ್ನಾಗಿ ಓಡುಸ್ತಾನಾ?"

ದ್ಯಾವಮ್ಮ ಮಗನ ಬೆನ್ನನ್ನೊಮ್ಮೆ ನೋಡಿ, ಎಲೆಅಡಿಕೆಯನ್ನು ಕೆನ್ನೆಯ ಪಕ್ಕಕ್ಕೆ ಸರಿಸಿ ಹೇಳಿದರು:

"ಪರ್ವಾಗಿಲ್ಲ ಕಣಮ್ಮಾ. ಈಗೀಗ ಕೈ ಅಡ್ಡ ಇಟ್ರೆ ನಿಲ್ಲುಸ್ತಾನೆ."