ಬ್ರೌನನನ್ನು ಬಿಟ್ಟುಕೊಟ್ಟ ದಿನ

ಅರ್ನೀ ಟಕಾಚನ ಎಡಗಿವಿಯ ಮೇಲೆ ನೇಗಿಲ ಸಾಲಿನಂಥ ಬೋಳು ಗೆರೆಯೊಂದು ಬಿದ್ದದ್ದಕ್ಕೆ ಕ್ಷೌರದ ಲೂಯಿಯ ಕೈ ಕಾರಣವಲ್ಲ, ಬಾಯಿ ಕಾರಣ. ಶನಿವಾರ ಬೆಳಿಗ್ಗೆ, ಟೊಲೀಡೋ ಊರಿನ ನದಿಯ ಪೂರ್ವದಂಡೆಯ ತನ್ನ ಅಂಗಡಿಯಲ್ಲಿ ಮಷಿನ್ ಆಡಿಸುತ್ತ ಲೂಯಿ, ಇವತ್ತು ಮೋಡ ಇದೆ ಅನ್ನುವಷ್ಟೇ ಹಗುರವಾಗಿ ಹೇಳಿದ: "ಅಂದ ಹಾಗೆ ಕ್ಲೆಮ್ ಊರು ಬಿಡ್ತಿದಾನಂತೆ. ಅರಿಝೋನಾದಲ್ಲಿ ಅಕ್ಕನ ಮನೆ ಹತ್ರ ಇರ್ತಾನಂತೆ. ಮಧ್ಯಾಹ್ನ ಲಾರಿ ಬರುತ್ತೆ."

ಅರ್ನೀ ಗಕ್ಕನೆ ಕತ್ತು ತಿರುಗಿಸಿದ. ಮಷಿನ್ ತಿರುಗಲಿಲ್ಲ.

"ಅಯ್ಯಯ್ಯೋ, ಅಲ್ಲಾಡಬೇಡ ಅಂತ ಎಷ್ಟು ಸಲ ಹೇಳಿದೀನಿ!" ಎಂದು ಲೂಯಿ ಬೊಬ್ಬೆ ಹೊಡೆದ. ಅರ್ನೀ ಅದನ್ನು ಕೇಳಿಸಿಕೊಳ್ಳಲಿಲ್ಲ. ಕೊರಳಿನ ಬಟ್ಟೆ ಕಿತ್ತೊಗೆದು, ಅರ್ಧ ಕತ್ತರಿಸಿದ ತಲೆಯಲ್ಲೇ ಬೀದಿಗಿಳಿದ.

ಕ್ಲೆಮ್ ರಡಿಕ್ ಮತ್ತು ಅರ್ನೀ ಗಾಜಿನ ಕಾರ್ಖಾನೆಯಲ್ಲಿ ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿ ಮುದುಕರಾದವರು. ಕ್ಲೆಮ್ ಡೆಟ್ರಾಯಿಟ್ ಕಡೆಯವನು. ಅವನಿಗೆ ಬ್ಯಾರಿ ಸ್ಯಾಂಡರ್ಸನೇ ದೇವರು. ಅರ್ನೀಯದು ಕ್ಲೀವ್‌ಲ್ಯಾಂಡ್ ತಂಡಕ್ಕೆ ತಲೆತಲಾಂತರದಿಂದ ನಡೆದುಕೊಂಡ ಮನೆ. ಅವನಿಗೆ ಜಿಮ್ ಬ್ರೌನನ ಮುಂದೆ ಬೇರೆ ದೇವರಿಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಬಗಲಿಗೆ ಒತ್ತಿಕೊಂಡು ಎದುರಾಳಿಗಳ ಗೋಡೆಯನ್ನೇ ಸೀಳಿ ಓಡುವ ಈ ರನ್ನಿಂಗ್ ಬ್ಯಾಕ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಅನ್ನುವ ವಾದವೇ ಇಬ್ಬರಿಗೂ ಬೆಳಗಿನ ಕಾಫಿ, ಸಂಜೆಯ ಬಿಯರು. "ನಿನ್ನ ಬ್ರೌನ್ ಎಮ್ಮೆ ಕಣೋ, ಅಡ್ಡ ಬಂದೋರನ್ನ ಗುದ್ಕೊಂಡು ಹೋಗ್ತಿದ್ದ ಅಷ್ಟೆ. ನಮ್ಮೋನನ್ನ ಹಿಡಿಯೋಕೆ ಹೋದೋರ ಕೈಗೆ ಗಾಳಿ ಸಿಗ್ತಿತ್ತು" ಎಂದು ಕ್ಲೆಮ್. "ಗಾಳಿ ಅಲ್ವೇನೋ, ಅದಕ್ಕೇ ಹಾರಿಹೋಯ್ತು" ಎಂದು ಅರ್ನೀ. ಹೀಗೇ ಇಡೀ ಆಯುಸ್ಸು ಕಳೆದುಬಿಡಬಹುದಿತ್ತು.

ಕೆಟ್ಟದ್ದು ಒಂದು ಚಳಿಗಾಲದಲ್ಲಿ, ಇದೇ ಲೂಯಿಯ ಅಂಗಡಿಯಲ್ಲಿ. ವಾದ ಕಾವೇರಿದಾಗ ಅರ್ನೀ ಅಂದುಬಿಟ್ಟ: "ನಿನ್ನ ಸ್ಯಾಂಡರ್ಸ್ ಮೈಯಲ್ಲಿ ಕಸುವಿರುವಾಗಲೇ ತಂಡಾನ ನಡುನೀರಲ್ಲಿ ಬಿಟ್ಟು ಹೋದ. ನಿನ್ನ ಕಡೆಯೋರೆಲ್ಲ ಬಿಟ್ಟು ಹೋಗೋರೇ ಬಿಡು!" ಕ್ಲೆಮನ ಹೆಂಡತಿ ಅವನನ್ನು ಬಿಟ್ಟುಹೋಗಿ ಆಗಿನ್ನೂ ತಿಂಗಳಾಗಿರಲಿಲ್ಲ. ಅರ್ನೀ ಅವಳನ್ನು ನೆನೆದು ಆಡಿದ್ದಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಲೆಮ್ ಟೋಪಿ ಹಾಕಿಕೊಂಡು ಹೊರಟುಹೋದ. ಅಂದಿನಿಂದ ವರ್ಷಗಳೇ ಕಳೆದರೂ ಒಂದೇ ಬೀದಿಯ ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕಸದ ಡಬ್ಬ ಹೊರಗಿಡಲೂ ಕಿಟಕಿಯಲ್ಲಿ ಇಣುಕಿ, ಇನ್ನೊಬ್ಬನಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೋಗುತ್ತಿದ್ದರು.

ಮನೆಗೆ ಬಂದ ಗಂಡನ ತಲೆ ನೋಡಿ ಇರ್ಮಾ ಬೆಚ್ಚಿದಳು. ಸುದ್ದಿ ಕೇಳಿದ ಮೇಲೆ ತಲೆಯನ್ನು ಮರೆತಳು.

"ಹೋಗ್ರೀ. ಈಗಲೇ ಹೋಗಿ ಸ್ಯಾಂಡರ್ಸೇ ದೊಡ್ಡೋನು ಅಂತ ಒಪ್ಕೊಂಡು ಬನ್ನಿ."

"ಹಾಗಂದ್ರೆ ನಮ್ಮಪ್ಪ ಗೋರಿಯೊಳಗೆ ಮಗ್ಗುಲು ಬದಲಾಯಿಸ್ತಾನೆ ಕಣೇ."

"ಬದಲಾಯಿಸ್ಲಿ, ಮಲಗಿ ಮಲಗಿ ಅವ್ರಿಗೂ ಬೇಜಾರಾಗಿರುತ್ತೆ. ನೀವು ಸತ್ತಾಗ ಆ ಬ್ರೌನ್ ಕಡೆಯೋರು ಬಂದು ಹೆಣಕ್ಕೆ ಹೆಗಲು ಕೊಡ್ತಾರಾ? ಕ್ಲೆಮ್ ಕೊಡ್ತಿದ್ದ."

ಅರ್ನೀಗೆ ಅದು ನಾಟಿತು. ಹೆಂಡತಿ ಬಿಟ್ಟುಹೋದ ಮಾತನ್ನು ಎತ್ತಿ ಕ್ಷಮೆ ಕೇಳಲು ನಾಲಗೆ ಏಳುವುದಿಲ್ಲ, ಅದು ಮಾಯ್ದ ಹುಣ್ಣನ್ನು ಕೆದಕಿದ ಹಾಗೆ. ಸ್ಯಾಂಡರ್ಸನನ್ನು ಒಪ್ಪಿಕೊಂಡುಬಿಟ್ಟರೆ ಅದರೊಳಗೇ ಎಲ್ಲವೂ ಬಂತು. ಇರ್ಮಾ ಆಗಷ್ಟೇ ಬೇಯಿಸಿದ್ದ ಅಕ್ರೋಟಿನ ಹೂರಣ ತುಂಬಿದ ಸಿಹಿ ರೋಲನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಅರ್ನೀ ಅದನ್ನು ಬಗಲಿಗೆ ಇರುಕಿಕೊಂಡು ಹೊರಟ.

ಬೀದಿಯಲ್ಲಿ ಅಭ್ಯಾಸ ಶುರುವಾಯಿತು. "ಸ್ಯಾಂಡರ್ಸೇ ದೊಡ್ಡೋನು," ಎಂದು ಗೊಣಗಿದ. ಹಾಗಲಕಾಯಿ ಕಚ್ಚಿದಂತಾಯಿತು. ಮತ್ತೆ ಗಟ್ಟಿಯಾಗಿ, ಹಲ್ಲು ಕಚ್ಚಿ ಅಂದ. ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದ ಜೂಡಿ ಯುಹಾಸ್ ಬೇಲಿಯ ಮೇಲೆ ಕತ್ತು ಚಾಚಿದಳು. ಅವಳಿಗೆ ಕಂಡದ್ದು ಅರ್ಧ ಬೋಳಾದ ತಲೆ, ಕೆಂಡದಂಥ ಮುಖ. ಕೇಳಿಸಿದ್ದು "ಸ್ಯಾಂಡರ್ಸ್" ಅನ್ನುವುದೊಂದೇ. ನೀರಿನ ಪೈಪನ್ನು ಅಲ್ಲೇ ಎಸೆದು ಲೂಯಿಗೆ ಫೋನು ಮಾಡಿದಳು: "ಅರ್ನೀ ಜಗಳಕ್ಕೆ ಹೊರಟಿದಾನೆ! ಬಗಲಲ್ಲಿ ಏನೋ ಇಟ್ಕೊಂಡಿದಾನೆ!" ಲೂಯಿ ಕೂಡಲೇ ಕ್ಲೆಮನಿಗೆ ಫೋನು ಮಾಡಿದ. ಗಿರಾಕಿಗಳನ್ನು ಕುರ್ಚಿಯಲ್ಲೇ ಬಿಟ್ಟು ತಾನೂ ಹೊರಟ. ಆ ಗಿರಾಕಿಗಳೂ ಹೊರಟರು.

ಇದಾವುದೂ ಅರಿಯದ ಅರ್ನೀ ಮೂಲೆ ತಿರುಗುವಷ್ಟರಲ್ಲಿ ನಲ್ಲಿ ರಿಪೇರಿಯ ಡ್ವೇನ್ ಪೆಲ್ ಎದುರಾದ. ಡ್ವೇನ್ ಶಿಕಾಗೋದವನು; ಅವನೆದುರು ಎರಡು ತಂಡದವರೂ ಬಾಯಿ ಬಿಡುತ್ತಿರಲಿಲ್ಲ.

"ಏನಂದೆ, ಸ್ಯಾಂಡರ್ಸಾ? ಬ್ರೌನಾ? ಇಬ್ಬರನ್ನೂ ತಕ್ಕಡಿಗೆ ಹಾಕು ಮಾರಾಯಾ, ನಮ್ಮ ವಾಲ್ಟರ್ ಪೇಟನ್ ಮುಂದೆ ತೂಗಲ್ಲ. ಪೆಟ್ಟು ತಪ್ಪಿಸ್ಕೊಳ್ಳೋಕೆ ಅಂತ ಮೈದಾನದ ಗೆರೆ ದಾಟಿ ಹೊರಗೆ ಹೋದೋನಲ್ಲ ಅವನು. ತಾನೇ ಮೈಮೇಲೆ ಬೀಳ್ತಿದ್ದ!"

"ನನಗೆ ತುರ್ತಿದೆ ಡ್ವೇನ್, ಬಿಡು."

"ಹೇಗೆ ಓಡ್ತಿದ್ದ ಗೊತ್ತಾ? ಕೊಡಿಲ್ಲಿ!" ಡ್ವೇನ್ ರೋಲನ್ನು ಕಸಿದು ಬಗಲಿಗಿಟ್ಟುಕೊಂಡು, ಮಂಡಿ ಎದೆಗೆತ್ತಿ, ಒಂದು ಕೈ ಮುಂದೆ ಚಾಚಿ ಓಡಿಯೇಬಿಟ್ಟ. ಮುಂದಿದ್ದದ್ದು ಅರ್ನೀಯ ಎದೆ. ಇಬ್ಬರೂ ಅಪ್ಪಿಕೊಂಡು ಅಂಚೆ ಡಬ್ಬಿಗೆ ಬಡಿದು ನೆಲಕ್ಕುರುಳಿದರು. ಅರ್ನೀಯ ಕಾಲರು ಕಿತ್ತು ಕೈಗೆ ಬಂತು. ರೋಲು ಅಪ್ಪಚ್ಚಿಯಾಗಿ ಅಕ್ರೋಟೆಲ್ಲ ಹೊರಗೆ ಇಣುಕಿತು. "ನೋಡಿದ್ಯಾ, ಚೆಂಡು ಕೈ ಬಿಡ್ಲಿಲ್ಲ!" ಎಂದು ಡ್ವೇನ್ ಬಿದ್ದಲ್ಲಿಂದಲೇ ಬೀಗಿದ.

ರೋಲನ್ನು ಅವನಿಗೇ ಬಿಟ್ಟು ಅಂತೂ ಕ್ಲೆಮನ ಬಾಗಿಲಿಗೆ ಬಂದಾಗ ಅರ್ನೀ ರಣರಂಗದಿಂದ ಎದ್ದು ಬಂದವನಂತಿದ್ದ. ಹಿಂದೆ ಬೇಲಿಯಾಚೆ ಲೂಯಿ, ಜೂಡಿ, ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಬಂದಿದ್ದ ಇಬ್ಬರು ಗಿರಾಕಿಗಳು.

ಬಾಗಿಲು ತಟ್ಟುವ ಮುಂಚೆಯೇ ತೆರೆಯಿತು. ಕ್ಲೆಮ್ ನುಣ್ಣಗೆ ಗಡ್ಡ ಹೆರೆದು, ಒಳ್ಳೆಯ ಅಂಗಿ ತೊಟ್ಟು ನಿಂತಿದ್ದ. ತುಂಬ ಸೊರಗಿದ್ದ, ಆದರೆ ಕಣ್ಣು ಮಿಂಚುತ್ತಿತ್ತು. ಪೆಟ್ಟಿಗೆಗಳ ನಡುವೆ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿ, ನಡುವೆ ಬಿಯರ್ ಬಾಟಲಿ ಇಟ್ಟಿದ್ದ.

"ಬಂದ್ಯಾ ಕೊನೆಗೂ? ಬಾ, ಕೂತ್ಕೋ. ಏನು ಹೇಳೋದಿದೆಯೋ ಹೇಳು," ಎಂದು ಅಂಗಿಯ ತೋಳು ಮಡಿಸಿದ.

ಅರ್ನೀ ಕೂರಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿ ಮುಗಿಸಿದ: "ಕ್ಲೆಮ್, ನಾನು ಸೋತೆ ಕಣೋ. ಸ್ಯಾಂಡರ್ಸೇ ಎಲ್ಲರಿಗಿಂತ ದೊಡ್ಡೋನು."

ಬೇಲಿಯಾಚೆ ಯಾರೋ "ದೇವರೇ!" ಎಂದರು.

ಅರ್ನೀ ಕಣ್ಣು ಬಿಟ್ಟ. ಕ್ಲೆಮ್ ನಗುತ್ತಿರಲಿಲ್ಲ. ಮಡಿಸಿದ ತೋಳನ್ನು ನಿಧಾನವಾಗಿ ಕೆಳಗಿಳಿಸುತ್ತಿದ್ದ.

"ಹುಷಾರಿಲ್ವೇನೋ ನಿನಗೆ?"

"ಚೆನ್ನಾಗೇ ಇದೀನಿ."

"ಮತ್ತೆ ಇದ್ಯಾಕೆ? ಇರ್ಮಾ ಹೇಳ್ಕೊಟ್ಟಳಾ? ಪಾಪ, ಹೋಗ್ತಿದಾನೆ, ಒಂದು ಒಳ್ಳೇ ಮಾತು ಹೇಳಿ ಬನ್ನಿ ಅಂತ?"

ಅರ್ನೀ ಕೈಯಲ್ಲಿದ್ದ ಹರಿದ ಕಾಲರನ್ನು ಮಡಿಸತೊಡಗಿದ. ಕ್ಲೆಮ್ ಕುರ್ಚಿಯಲ್ಲಿ ಕುಸಿದು ಕೂತ.

"ಆವತ್ತು ನೀನು ಹಾಗಂದಾಗ ನನಗೆ ಉತ್ತರ ಹೊಳೀಲಿಲ್ಲ ನೋಡು. ಮನೆ ಮೆಟ್ಟಿಲು ಹತ್ತುವಾಗ ಹೊಳೀತು. ಈಗ ಬರ್ತಾನೆ, ನಾಳೆ ಬರ್ತಾನೆ, ಬಂದ ಕೂಡ್ಲೇ ಮುಖಕ್ಕೆ ಹೊಡ್ದ ಹಾಗೆ ಹೇಳ್ತೀನಿ ಅಂತ ಕಾಯ್ತಿದ್ದೆ. ಹೆಂಡ್ತಿ ವಿಷಯ ಎಂದೋ ಮರ್ತೆ. ಉತ್ತರ ಮರೀಲಿಲ್ಲ."

"ಹೇಳೋ, ಈಗ ಹೇಳು!"

"ನಿನ್ನ ಬ್ರೌನ್ ಕೂಡ ಕಸುವಿರುವಾಗಲೇ ಬಿಟ್ಟು ಹೋದೋನು." ಬಸ್ಸಿನ ವೇಳಾಪಟ್ಟಿ ಓದಿದವನಂತೆ ಹೇಳಿದ ಕ್ಲೆಮ್.

ಅದಕ್ಕೆ ಅರ್ನೀಯ ಹತ್ತಿರ ಭರ್ಜರಿ ತಿರುಗೇಟಿತ್ತು. ನಾಲಗೆಯ ತುದಿಗೇ ಬಂದಿತ್ತು. ಆದರೆ ಈಗಷ್ಟೇ ಸೋತೆನೆಂದವನು ತಿರುಗೇಟು ಕೊಡುವುದು ಹೇಗೆ? "ಹೌದು," ಎಂದ.

"ಹೌದಾ?" ಕ್ಲೆಮ್ ನಿಟ್ಟುಸಿರಿಟ್ಟ. "ಅಷ್ಟೇನಾ? ಲೂಯಿ ಫೋನ್ ಮಾಡಿ, ಅರ್ನೀ ಕೆಂಡ ಕಾರ್ತಾ ಬರ್ತಿದಾನೆ ಅಂದಾಗ ನನಗೆಷ್ಟು ಖುಷಿಯಾಯ್ತು ಗೊತ್ತಾ? ಲಾರಿಯವನಿಗೆ ಬರಬೇಡ ಅಂದೆ. ಅಕ್ಕನಿಗೂ, ಬರಲ್ಲ ಕಣೇ, ಇಲ್ಲೇ ಕೆಲಸ ಇದೆ ಅಂದೆ." ಅವನು ಫೋನೆತ್ತಿಕೊಂಡು, ಮತ್ತೆ ಬಾ ಎನ್ನಲು ಲಾರಿಯವನ ನಂಬರು ಒತ್ತತೊಡಗಿದ.

"ಲೋ ಬೇಡ್ವೋ! ಸುಳ್ಳು ಹೇಳ್ದೆ ಕಣೋ!" ಅರ್ನೀ ಕಿರುಚಿದ. "ಬ್ರೌನೇ ದೊಡ್ಡೋನು! ನಿನ್ನ ಸ್ಯಾಂಡರ್ಸ್ ಮುಂದಕ್ಕೆ ಓಡಿದ್ದಕ್ಕಿಂತ ಹಿಂದಕ್ಕೆ ಓಡಿದ್ದೇ ಹೆಚ್ಚು! ಮೊಲ ಅವನು, ಮೊಲ!"

ಕ್ಲೆಮ್ ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈಯಲ್ಲಿ ಕರುಣೆ ಇತ್ತು. "ಇರ್ಲಿ ಬಿಡೋ. ನನ್ನ ಸಮಾಧಾನಕ್ಕೆ ಅಂತ ಈಗ ಇದನ್ನೂ ಹೇಳ್ತಿದೀಯ. ನಿನ್ನ ಮನಸ್ಸು ಒಳ್ಳೇದು."

"ಸಮಾಧಾನಕ್ಕಲ್ವೋ, ನಿಜ!"

"ಆಯ್ತಪ್ಪ. ಬ್ರೌನೇ ದೊಡ್ಡೋನು. ನೀನು ಹೇಳಿದ್ದೇ ಸರಿ."

ಅಷ್ಟು ವರ್ಷ ಯಾವ ಮಾತನ್ನು ಕೇಳಲು ಅರ್ನೀ ಹಾತೊರೆದಿದ್ದನೋ ಆ ಮಾತು. ಅದಕ್ಕಿಂತ ದೊಡ್ಡ ಬೈಗುಳವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಲಾರಿ ಬಂತು. ಇಬ್ಬರೂ ಸೇರಿ ಸಾಮಾನು ಹೇರಿದರು. ತುಂಬ ವಿನಯದಿಂದ, "ನೀನು ಮೊದಲು ಹಿಡಿ", "ಇಲ್ಲ, ನೀನು ಮೊದಲು" ಎನ್ನುತ್ತ, ಅಪರಿಚಿತರ ಹಾಗೆ. ಕ್ಲೆಮ್ ಕೈ ಕುಲುಕಿ ಹತ್ತಿ ಕೂತ. ಲಾರಿ ಮೂಲೆ ತಿರುಗುವವರೆಗೂ ಅರ್ನೀ ನಡುಬೀದಿಯಲ್ಲಿ ನಿಂತೇ ಇದ್ದ. ಮನೆಗೆ ಹೋಗುವಾಗ ಲೂಯಿಯ ಅಂಗಡಿಯ ಮುಂದೆ ಕೂತಿದ್ದ ಕ್ಲೀವ್‌ಲ್ಯಾಂಡ್ ಪಕ್ಷದವರೆಲ್ಲ ಮುಖ ತಿರುಗಿಸಿದರು. "ಅಪ್ಪನ ದೇವರನ್ನೇ ಮಾರಿದ" ಎಂದು ಒಬ್ಬ ಉಗುಳಿದ. ಉಳಿದ ಅರ್ಧ ತಲೆಯ ಕ್ಷೌರ ಮಾಡಲು ಲೂಯಿ ಕರೆಯಲಿಲ್ಲ, ಇವನೂ ಕೇಳಲಿಲ್ಲ.

ಇರ್ಮಾ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತ್ರೀ? ರಾಜಿ ಆಯ್ತಾ?"

"ಆಯ್ತು," ಎಂದ ಅರ್ನೀ, ಕೈಯಲ್ಲಿದ್ದ ಹರಿದ ಕಾಲರನ್ನು ಸವರುತ್ತ. "ಇನ್ನು ನಮ್ಮಿಬ್ಬರ ಮಧ್ಯೆ ಏನೂ ಇಲ್ಲ."